ಟ್ರಿಪ್ ಆದ್ರೆ ಡಯಲ್ ತಿರುಗಿಸ್ಬೇಡಿ, ಮೊದಲು ಕಾರಣ ಹುಡುಕಿ

(ಕುಶಾಲನಗರದಲ್ಲಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸೋ ಮಿಲ್), ಸಾಮಿಲ್, ರೈಸ್ ಮಿಲ್ ಎಲೆಕ್ಟ್ರೀಷಿಯನ್‌ಗಳು, ಐಟಿಐ ಹುಡುಗರು ಸೇರಿದ್ದ ಒಂದು ಭಾನುವಾರ ಮಾತಾಡಿದ್ದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಬರೆದಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯಿಂದ, ವಿರಾಜಪೇಟೆಯಿಂದ, ಸಿದ್ದಾಪುರದಿಂದೆಲ್ಲ ರಜೆ ದಿನ ಬಿಟ್ಟು ಬಂದಿದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ. ವಿಷಯ ಬ್ರೇಕರ್ ಟ್ರಿಪ್ ಆಗೋದು, ಅಂದ್ರೆ ಕರೆಂಟ್ ಮಿತಿ ಮೀರಿದಾಗ ಅದು ತಾನಾಗೇ ಬಿದ್ದು ಲೈನ್ ಕಡಿಯೋದು, ಮತ್ತೆ ಆ ಮಿತಿ ಇಡೋ ಡಯಲ್.

ಮೊದಲು ಒಂದು ಘಟನೆ. ಹೆಸರು ಬೇಡ, ನಮ್ಮ ಜಿಲ್ಲೆಯದೇ ಒಂದು ಕ್ಯೂರಿಂಗ್ ವರ್ಕ್ಸ್, ನಾನು ಅಲ್ಲಿ ಸೂಪರ್‌ವೈಸರ್ ಆಗಿ ಸೇರಿ ಎರಡನೇ ಸೀಸನ್. ಜನವರಿ ಕೊನೆ, ಗೋಡೌನ್ ತುಂಬ ಚೆರ್ರಿ (ಒಣಗಿದ ಕಾಫಿ ಹಣ್ಣು) ಮೂಟೆ, ಲಾರಿಗಳು ಗೇಟಿಂದ ರೋಡಿನವರೆಗೆ ಸಾಲು ನಿಂತಿವೆ, ರಾತ್ರಿ ಶಿಫ್ಟೂ ನಡೀತಿದೆ. ಹಲ್ಲರ್‌ಗೆ, ಅಂದ್ರೆ ಕಾಫಿ ಸಿಪ್ಪೆ ಬಿಡಿಸೋ ಮಷೀನಿಗೆ, 50 ಎಚ್‌ಪಿ ಮೋಟಾರು, ನೇಮ್ ಪ್ಲೇಟ್ ಮೇಲೆ 67 ಆಂಪ್ಸ್. ಅದಕ್ಕೆ ಹೋಗೋ ಕೇಬಲ್ ಹಳೇದು, ಅದು ತಡೆಯೋದು 70 ಆಂಪ್ಸ್ ಆಸುಪಾಸು ಅಷ್ಟೇ. ಪ್ಯಾನೆಲ್‌ನಲ್ಲಿ 100 ಆಂಪ್ಸ್ ಎಂಸಿಸಿಬಿ (ಮೌಲ್ಡೆಡ್ ಕೇಸ್ ಬ್ರೇಕರ್), ಓವರ್‌ಲೋಡ್ ಡಯಲ್ 0.7ಕ್ಕೆ ಇಟ್ಟಿತ್ತು, ಅಂದ್ರೆ 70. ಸರಿಯಾಗೇ ಇತ್ತು. ಆದ್ರೆ ಆ ವಾರ ಪೂರ್ತಿ ಅರ್ಧ ಗಂಟೆ, ಮುಕ್ಕಾಲು ಗಂಟೆಗೊಂದ್ಸಲ ಟ್ರಿಪ್ ಆಗ್ತಿತ್ತು. ಹಲ್ಲರ್ ನಿಂತ್ರೆ ಹಿಂದಿನ ಎಲಿವೇಟರ್ ತುಂಬ್ಕೊಳ್ಳುತ್ತೆ, ಮುಂದಿನ ಗ್ರೇಡರ್ ಖಾಲಿ ಓಡುತ್ತೆ, ರೈಟರ್ ಬಂದು ಏನಪ್ಪಾ ಇದು ಅಂತಾರೆ, ಒತ್ತಡ ಹೇಗಿರುತ್ತೆ ಅಂತ ಇಲ್ಲಿ ಕೂತಿರೋ ಎಲ್ಲರಿಗೂ ಗೊತ್ತು. ನಾನು ಇಲ್ಲದ ಒಂದು ರಾತ್ರಿ ಶಿಫ್ಟಿನ ಹುಡುಗ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಡಯಲ್ 1.0ಕ್ಕೆ ತಿರುಗಿಸಿಬಿಟ್ಟ. ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನ ಓವರ್‌ಲೋಡ್ ರಿಲೇನ ಅದಕ್ಕೂ ಮೊದ್ಲೇ ಯಾರೋ 39ರಿಂದ 50ಕ್ಕೆ ಏರಿಸಿದ್ರು (ಆ ರಿಲೇ ಮೂಲಕ ಹೋಗೋದು ಲೈನ್ ಕರೆಂಟಿನ ಒಂದು ಭಾಗ ಮಾತ್ರ). ಟ್ರಿಪ್ ನಿಂತೋಯ್ತು, ಎಲ್ಲರಿಗೂ ಖುಷಿ.

ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಕೇಬಲ್ ಗೋಡೆ ತೂತಿನಲ್ಲಿ ನುಗ್ಗೋ ಕಡೆ ಸುಟ್ಟು ಒಳಗೇ ಶಾರ್ಟ್ ಆಗಿ, ಆಮೇಲೆ ಬ್ರೇಕರ್ ಬಿದ್ದಿದೆ. ಯಾರಿಗೂ ಏನೂ ಆಗ್ಲಿಲ್ಲ. ಅಲ್ಲಿಂದ ಹತ್ತಡಿ ದೂರದಲ್ಲಿ ಗೋಣಿಚೀಲದ ಅಟ್ಟಿ ಇತ್ತು. ಬೆಳಿಗ್ಗೆ ಪ್ಯಾನೆಲ್ ಬಿಚ್ಚಿ ನೋಡಿದ್ರೆ ಲಗ್ಗಿನ (ಕೇಬಲ್ ತುದಿಯ ಲೋಹದ ಕೊಂಡಿ) ಪಕ್ಕ ಕೆಂಪು ಫೇಸ್ ಇನ್ಸುಲೇಷನ್ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದೆ, ಉಗುರಲ್ಲಿ ಒತ್ತಿದ್ರೆ ಪುಡಿಪುಡಿಯಾಗಿ ಉದುರುತ್ತೆ. ಅದನ್ನ ಮುಟ್ಟಿ ನೋಡಿದ ಬೆರಳಿಗೆ ಅದು ಇವತ್ತಿಗೂ ನೆನಪಿದೆ.

ಕಾರಣ ಏನಿತ್ತು ಗೊತ್ತಾ? ನಾವಿದ್ದದ್ದು ಲೈನಿನ ತುದೀಲಿ, ಸೀಸನ್‌ನಲ್ಲಿ ಎಲ್ಲಾ ಮಿಲ್ಲೂ ಒಟ್ಟಿಗೆ ಓಡೋವಾಗ ವೋಲ್ಟೇಜ್ 415 ಇರ್ಬೇಕಾದ್ದು 360ಕ್ಕೆ ಇಳೀತಿತ್ತು. ಮೋಟಾರಿಗೆ ಕೆಲಸ ಅಷ್ಟೇ ಇದ್ದು ವೋಲ್ಟೇಜ್ ಕಮ್ಮಿ ಆದ್ರೆ ಅದು ಕರೆಂಟ್ ಜಾಸ್ತಿ ಎಳ್ಯುತ್ತೆ, 67 ಇದ್ದದ್ದು 77ರ ಹತ್ರ ಹೋಗುತ್ತೆ. ಅದರ ಮೇಲೆ ಹಲ್ಲರ್ ಒಳಗಿನ ಬಾರ್ ಸವೆದಿತ್ತು, ಟಾಂಗ್ ಟೆಸ್ಟರ್ (ಕರೆಂಟ್ ಅಳೆಯೋ ಮೀಟರ್) ಹಾಕಿದ್ರೆ 85 ಆಂಪ್ಸ್. ಬ್ರೇಕರ್ ಒಂದು ವಾರದಿಂದ ಇದನ್ನೇ ಹೇಳ್ತಿತ್ತು, ನಾವು ಕೇಳ್ಲಿಲ್ಲ, ಬಾಯಿ ಮುಚ್ಚಿಸಿದ್ವಿ.

ನಾನು ಇವತ್ತು ಹೇಳೋಕ್ ಬಂದಿರೋದು ಇಷ್ಟೇ, ಟ್ರಿಪ್ ಯೂನಿಟ್ ಡಯಲ್ ಇರೋದು ಕೇಬಲ್‌ಗೆ, ಮೋಟಾರಿಗೆ, ಲೈನಿಗೆ ಹೊಂದಿಸೋಕೆ, ಟ್ರಿಪ್ ನಿಲ್ಲಿಸೋಕಲ್ಲ. ಮಿಕ್ಕಿದ್ದೆಲ್ಲ ಅದನ್ನ ಹೇಗೆ ಮಾಡೋದು, ಸಾಯದೆ ಹೇಗೆ ಮಾಡೋದು ಅನ್ನೋದು.

ಬ್ರೇಕರ್ ಅಂದ್ರೆ ಎರಡು ಭಾಗ ಅಂತ ಇಟ್ಕೊಳ್ಳಿ. ಕಾಂಟ್ಯಾಕ್ಟು, ಸ್ಪ್ರಿಂಗು, ಕಿಡಿ ಆರಿಸೋ ಚೇಂಬರು ಇರೋ ಫ್ರೇಮು ಒಂದು, ಯಾವಾಗ ಬೀಳ್ಬೇಕು ಅಂತ ತೀರ್ಮಾನ ಮಾಡೋ ಟ್ರಿಪ್ ಯೂನಿಟ್ ಇನ್ನೊಂದು. ಥರ್ಮಲ್ ಮ್ಯಾಗ್ನೆಟಿಕ್ ಯೂನಿಟ್ ಒಳಗೆ ಎರಡು ಲೋಹ ಅಂಟಿಸಿದ ಪಟ್ಟಿ ಇರುತ್ತೆ, ಕರೆಂಟ್ ಜಾಸ್ತಿ ಹೋದ್ರೆ ಬಿಸಿಯಾಗಿ ನಿಧಾನಕ್ಕೆ ಬಗ್ಗಿ ಟ್ರಿಪ್ ಬಾರ್ ತಳ್ಳುತ್ತೆ, ಇದು ಓವರ್‌ಲೋಡಿಗೆ. ಶಾರ್ಟ್ ಸರ್ಕ್ಯೂಟಿಗೆ ಒಂದು ಅಯಸ್ಕಾಂತ, ಅದು ಕಾಯೋದಿಲ್ಲ, ತಕ್ಷಣ ಎಳ್ಯುತ್ತೆ. ಎಲೆಕ್ಟ್ರಾನಿಕ್ ಯೂನಿಟ್‌ನಲ್ಲಿ ಈ ಪಟ್ಟಿ ಬದಲು ಸಿಟಿ (ಕರೆಂಟ್ ಅಳೆಯೋ ಕಾಯಿಲ್) ಮತ್ತು ಒಂದು ಸಣ್ಣ ಪ್ರೊಸೆಸರ್ ಇರುತ್ತೆ, ಡಯಲ್‌ಗಳೂ ಜಾಸ್ತಿ.

ಪಟ್ಟಿ ಇರೋ ಯೂನಿಟ್‌ನಲ್ಲಿ ಒಂದು ವಿಷಯ ಸುಮಾರು ಜನ ಮರೀತಾರೆ. ಅದನ್ನ ಸಾಮಾನ್ಯವಾಗಿ 40 ಡಿಗ್ರಿಗೆ ಹೊಂದಿಸಿ ಕಳಿಸಿರ್ತಾರೆ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಕೈ ಮರಗಟ್ಟೋ ಚಳಿ, ಆಗ ಅದು ಸ್ವಲ್ಪ ತಡವಾಗಿ ಬೀಳುತ್ತೆ. ಅದೇ ಪ್ಯಾನೆಲ್ ಡ್ರೈಯರ್ ಪಕ್ಕ ಇದ್ದು ಮಧ್ಯಾಹ್ನ ಒಳಗಡೆ 55 ಡಿಗ್ರಿ ಆದ್ರೆ ಬೇಗ ಬೀಳುತ್ತೆ. ಮಧ್ಯಾಹ್ನ ಮಾತ್ರ ಟ್ರಿಪ್ ಆಗ್ತಿದೆ ಅಂದ್ರೆ ಮೊದ್ಲು ಪ್ಯಾನೆಲ್ ಫ್ಯಾನ್ ತಿರುಗ್ತಿದ್ಯಾ, ಗಾಳಿ ಕಿಂಡೀಲಿ ಕಾಫಿ ಹೊಟ್ಟು ತುಂಬ್ಕೊಂಡಿದ್ಯಾ ನೋಡಿ.

ಆಮೇಲೆ ಯಾವ ಬ್ರೇಕರೂ 70ಕ್ಕೆ ಇಟ್ರೆ 71ಕ್ಕೆ ಬೀಳಲ್ಲ. ಐಎಸ್/ಐಇಸಿ 60947-2 ಅನ್ನೋ ಬ್ರೇಕರ್ ಸ್ಟ್ಯಾಂಡರ್ಡ್ ಪ್ರಕಾರ ಇಟ್ಟ ಬೆಲೆಯ 1.05 ಪಟ್ಟು ಕರೆಂಟಿಗೆ 2 ಗಂಟೆ ಬೀಳ್ಬಾರ್ದು, 1.3 ಪಟ್ಟು ಕರೆಂಟಿಗೆ 2 ಗಂಟೆ ಒಳಗೆ ಬೀಳ್ಬೇಕು, 63 ಆಂಪ್ಸ್‌ವರೆಗಿನದಕ್ಕೆ 1 ಗಂಟೆ. ಮಧ್ಯದಲ್ಲಿ ಅದರಿಷ್ಟ. ಅಂದ್ರೆ 70ಕ್ಕೆ ಇಟ್ರೂ 90 ಆಂಪ್ಸ್ ಗಂಟೆಗಟ್ಲೆ ಹೋಗಬಹುದು, ಅಂಥದ್ರಲ್ಲಿ ನಾವು ಡಯಲ್ ಪೂರ್ತಿ ಏರಿಸಿದ್ರೆ ಕೇಬಲ್ ಗತಿ ಏನು ಯೋಚ್ನೆ ಮಾಡಿ.

ಈಗ ಸೇಫ್ಟಿ. ಇದನ್ನ ನಿಧಾನಕ್ಕೆ ಹೇಳ್ತೀನಿ.

ಡಯಲ್ ತಿರುಗಿಸೋದು ಒಂದು ನಿಮಿಷದ ಕೆಲಸ ಅಂತ ಲೈವ್ ಪ್ಯಾನೆಲ್ ಬಾಗಿಲು ತೆಗೆದು ಕೈ ಹಾಕೋರು ಇಲ್ಲೇ ಇದ್ದೀರಿ, ನಂಗೊತ್ತು. ಪ್ಯಾನೆಲ್ ಒಳಗೆ ಸ್ಕ್ರೂಡ್ರೈವರ್ ಜಾರಿ ಎರಡು ಬಸ್‌ಬಾರ್ (ಕರೆಂಟ್ ಹರಿಯೋ ಲೋಹದ ಪಟ್ಟಿ) ಮಧ್ಯೆ ಬಿದ್ರೆ ಆಗೋ ಕಿಡಿ ಬೆಂಕಿ 20,000 ಡಿಗ್ರಿ ಹತ್ರ ಹೋಗುತ್ತೆ, ತಾಮ್ರ ಆವಿಯಾಗಿ ಮುಖಕ್ಕೆ ಹೊಡೆಯುತ್ತೆ. ಶಾಕ್ ಹೊಡೆದ್ರೆ ಮಾತ್ರ ಅಪಾಯ ಅಂದ್ಕೋಬೇಡಿ, ಇದು ಮುಟ್ಟದೇ ಸುಡುತ್ತೆ. ಹಾಗಾಗಿ ಆಫ್ ಮಾಡಿ, ಬೀಗ ಹಾಕಿ, ಕೀ ನಿಮ್ಮ ಜೇಬಲ್ಲಿರ್ಲಿ, ಬೋರ್ಡ್ ನೇತಾಕಿ. ಆಮೇಲೆ ಟೆಸ್ಟರ್ ಕೆಲಸ ಮಾಡ್ತಿದ್ಯಾ ಅಂತ ಕರೆಂಟ್ ಇರೋ ಜಾಗದಲ್ಲಿ ನೋಡಿ, ನೀವು ಕೆಲಸ ಮಾಡೋ ಜಾಗದಲ್ಲಿ ಕರೆಂಟ್ ಇಲ್ಲ ಅಂತ ನೋಡಿ, ಮತ್ತೆ ಹೋಗಿ ಟೆಸ್ಟರ್ ಇನ್ನೂ ಸರಿಯಿದ್ಯಾ ನೋಡಿ. ಮೂರು ಸಲ. ಬ್ಯಾಟರಿ ಸತ್ತ ಟೆಸ್ಟರ್ ತೋರಿಸೋ ಸೊನ್ನೇನ ನಂಬಿ ಸತ್ತವರಿದ್ದಾರೆ. ಆಮೇಲೆ ಅರ್ತ್ ಮಾಡಿ.

ಇನ್ನೊಂದು, ನಮ್ಮ ಕೊಡಗಿನಲ್ಲಿ ಕರೆಂಟ್ ಒಂದೇ ಕಡೆಯಿಂದ ಬರಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಎರಡು ಮೂರು ದಿನ ಜನರೇಟರೇ ಗತಿ, ಅದಕ್ಕೆ ಎಲ್ಲಾ ಕಡೆ ಡಿಜಿ (ಡೀಸೆಲ್ ಜನರೇಟರ್) ಇದೆ, ಸುಮಾರು ಕಡೆ ಆಟೋ ಚೇಂಜ್‌ಓವರ್ ಇದೆ. ನೀವು ಸೆಸ್ಕ್ (ನಮಗೆ ಕರೆಂಟ್ ಕೊಡೋ ನಿಗಮ) ಕಡೆ ಮೈನ್ ಆಫ್ ಮಾಡಿದ ತಕ್ಷಣ ಅದು ಕರೆಂಟ್ ಹೋಯ್ತು ಅಂದ್ಕೊಂಡು ಹತ್ತು ಸೆಕೆಂಡಲ್ಲಿ ಡಿಜಿ ಸ್ಟಾರ್ಟ್ ಮಾಡಿ ನೀವು ಕೈ ಹಾಕಿರೋ ಬಸ್‌ಬಾರಿಗೆ ಕರೆಂಟ್ ಕೊಡುತ್ತೆ. ಹಾಗಾಗಿ ಡಿಜಿ ಆಫ್ ಮೋಡಿಗೆ, ಅದರ ಬ್ಯಾಟರಿ ಕೇಬಲ್ ಬಿಚ್ಚಿ, ಅದರ ಬ್ರೇಕರಿಗೂ ಬೀಗ. ಸೋಲಾರ್ ಹಾಕಿಸಿದ್ರೆ ಅದಕ್ಕೂ ಬೀಗ. ಕೆಪಾಸಿಟರ್ ಪ್ಯಾನೆಲ್ ಇದ್ರೆ ಆಫ್ ಮಾಡಿ ಐದು ನಿಮಿಷ ಕಾದು, ವೋಲ್ಟೇಜ್ ಅಳೆದು ಆಮೇಲೆ ಮುಟ್ಟಿ.

ಎಸಿಬಿ (ದೊಡ್ಡ ಏರ್ ಸರ್ಕ್ಯೂಟ್ ಬ್ರೇಕರ್) ಆದ್ರೆ ಇನ್ನೂ ಒಂದು ಅಪಾಯ ಇದೆ, ಸ್ಪ್ರಿಂಗ್. ಕರೆಂಟ್ ಪೂರ್ತಿ ಇಲ್ಲದಿದ್ರೂ ಚಾರ್ಜ್ ಆಗಿರೋ ಸ್ಪ್ರಿಂಗ್ ಬೆರಳು ಮುರಿಯುವಷ್ಟು ಜೋರಾಗಿರುತ್ತೆ. ಮೊದ್ಲು ಕಂಟ್ರೋಲ್ ಸಪ್ಲೈ ತೆಗೀರಿ, ಇಲ್ಲಾಂದ್ರೆ ನೀವು ಸ್ಪ್ರಿಂಗ್ ಬಿಡಿಸಿದ ಮರುಕ್ಷಣ ಆ ಪುಟ್ಟ ಮೋಟಾರ್ ಕಿರ್ರ್ ಅಂತ ಮತ್ತೆ ಚಾರ್ಜ್ ಮಾಡುತ್ತೆ. ಬ್ರೇಕರ್ ಓಪನ್ ಮಾಡಿ ಹೊರಗೆಳೆದು, ಡಿಸ್ಕನೆಕ್ಟ್ ಜಾಗಕ್ಕೆ ತಂದು, ಕ್ಲೋಸ್ ಒತ್ತಿ, ಮತ್ತೆ ಓಪನ್ ಒತ್ತಿ, ಡಿಸ್ಚಾರ್ಜ್ಡ್ ಅನ್ನೋ ಗುರುತು ಕಣ್ಣಿಗೆ ಕಂಡ ಮೇಲೆ ಮುಂದಿನ ಕವರ್ ಬಿಚ್ಚಿ.

ಇದೆಲ್ಲ ಯಾರು ಮಾಡ್ಬೇಕು ಅಂದ್ರೆ, ಲೈಸೆನ್ಸ್ ಇರೋರು, ಅಥವಾ ಅವ್ರು ಪಕ್ಕ ನಿಂತಿದ್ದಾಗ. ಐಟಿಐ ಮುಗಿಸಿ ಹೊಸದಾಗಿ ಸೇರಿರೋ ತಮ್ಮಂದಿರೇ, ಓನರ್ ಹೇಳಿದ್ರು ಅಂತ ಒಬ್ರೇ ಪ್ಯಾನೆಲ್ ಬಿಚ್ಚಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ನಿಮ್ಮ ಬೆನ್ನಿಗಿವೆ, ಆಗಲ್ಲ ಸಾರ್ ಅಂತ ಹೇಳೋ ಹಕ್ಕು ನಿಮಗಿದೆ.

ಇನ್ನು ಯೂನಿಟ್ ಹಾಕೋದು. ಫ್ರೇಮ್ ಮೇಲಿನ ಲೇಬಲ್ ಮತ್ತು ಯೂನಿಟ್ ಮೇಲಿನ ಲೇಬಲ್ ಎರಡನ್ನೂ ಓದಿ, ಕಂಪನಿ ಒಂದೇ ಆದ್ರೆ ಸಾಲದು, ಸೀರೀಸೂ ಒಂದೇ ಇರ್ಬೇಕು. ಸುಮಾರು ಬ್ರೇಕರ್‌ಗಳಲ್ಲಿ ತಪ್ಪು ಯೂನಿಟ್ ಕೂರದ ಹಾಗೆ ಸಣ್ಣ ಪಿನ್ ಇಟ್ಟಿರ್ತಾರೆ. ಕೂರ್ತಿಲ್ಲ ಅಂತ ಆ ಪಿನ್ನನ್ನ ಅರದಿಂದ ಉಜ್ಜಿ ಕೂರಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ, ಆ ಪಿನ್ ಇರೋದೇ ನಿಮ್ಮನ್ನ ತಡೆಯೋಕೆ. ಬ್ರೇಕರ್ ಟ್ರಿಪ್ ಅಥವಾ ಆಫ್ ಸ್ಥಿತೀಲಿ ಇದ್ದಾಗ ಮಾತ್ರ ಕವರ್ ತೆಗೀಬೇಕು. ಕಾಂಟ್ಯಾಕ್ಟ್ ಮುಖಗಳಿಗೆ ಬೆಳ್ಳಿ ಲೇಪ ಇರುತ್ತೆ, ಕಪ್ಪಾಗಿದೆ ಅಂತ ಸ್ಯಾಂಡ್ ಪೇಪರ್ ಹಾಕಿ ತಿಕ್ಕಬೇಡಿ, ಒಣ ಬಟ್ಟೇಲಿ ಒರೆಸಿ ಸಾಕು.

ಮತ್ತೆ ಸ್ಕ್ರೂ. ಥರ್ಮಲ್ ಯೂನಿಟ್‌ನಲ್ಲಿ ಲೋಡ್ ಕರೆಂಟ್ ಪೂರ್ತಿ ಆ ಯೂನಿಟ್ ಜಾಯಿಂಟ್ ಮೂಲಕಾನೇ ಹೋಗುತ್ತೆ. ಸಡಿಲ ಬಿಟ್ರೆ ಜಾಯಿಂಟ್ ಬಿಸಿಯಾಗಿ, ಆ ಬಿಸಿ ಪಟ್ಟಿಗೆ ಹತ್ತಿ ಸುಮ್ಸುಮ್ನೆ ಟ್ರಿಪ್ ಆಗುತ್ತೆ, ನೀವು ಮತ್ತೆ ಡಯಲ್ ಕಡೆ ಕೈ ಹಾಕ್ತೀರಿ. ಜಾಸ್ತಿ ಬಿಗಿ ಮಾಡಿದ್ರೆ ಮೌಲ್ಡಿಂಗ್ ಸೀಳು ಬಿಡುತ್ತೆ, ಕಣ್ಣಿಗೂ ಕಾಣಲ್ಲ. ಕಂಪನಿ ಹಾಳೇಲಿ ಎಷ್ಟು ಟಾರ್ಕ್ ಅಂತ ಬರೆದಿರುತ್ತೆ, ಟಾರ್ಕ್ ರೆಂಚ್ ಒಂದು ತಗೊಳ್ಳಿ. ಒಂದು ಸುಟ್ಟ ಪ್ಯಾನೆಲ್ ಮುಂದೆ ಅದರ ಬೆಲೆ ಏನೂ ಅಲ್ಲ. ಎಲೆಕ್ಟ್ರಾನಿಕ್ ಯೂನಿಟ್ ಆದ್ರೆ ಪ್ಲಗ್ ಟಕ್ ಅಂತ ಪೂರ್ತಿ ಕೂತಿದ್ಯಾ ನೋಡ್ಬೇಕು. ಅರ್ಧ ಕೂತ ಪ್ಲಗ್ ಹೊರಗಿಂದ ಸರಿಯಾಗೇ ಕಾಣುತ್ತೆ. ನಾನು ಒಂದ್ಸಲ ಹಾಗೆ ಕೂರಿಸಿ, ಮುಂದಿರೋ ಕೆಂಪು ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬಿತ್ತು, ಸರಿಯಿದೆ ಅಂದ್ಕೊಂಡಿದ್ದೆ. ಆಮೇಲೆ ಟೆಸ್ಟ್ ಕಿಟ್ ಹಾಕಿ ಇಂಜೆಕ್ಷನ್, ಅಂದ್ರೆ ಪರೀಕ್ಷೆ ಕರೆಂಟ್, ಕೊಟ್ಟಾಗ ಬೀಳ್ಲೇ ಇಲ್ಲ. ಆ ಬಟನ್ ಸ್ಪ್ರಿಂಗು, ಲಿವರನ್ನ ಮಾತ್ರ ನೋಡುತ್ತೆ, ಕರೆಂಟನ್ನ ಯೂನಿಟ್ ಅಳೀತಿದ್ಯಾ ಅಂತ ನೋಡಲ್ಲ. ಹಾಗಾಗಿ ಹೊಸ ಯೂನಿಟ್ ಹಾಕಿದ್ರೆ ಸೆಕೆಂಡರಿ ಇಂಜೆಕ್ಷನ್ (ಯೂನಿಟ್ಟಿಗೆ ಮಾತ್ರ ಸಣ್ಣ ಕರೆಂಟ್ ಕೊಟ್ಟು ನೋಡೋದು) ಆದ್ರೂ ಮಾಡಿಸಿ, ದೊಡ್ಡ ಮೈನ್ ಬ್ರೇಕರಿಗೆ ಪ್ರೈಮರಿ ಇಂಜೆಕ್ಷನ್ (ಬ್ರೇಕರ್ ಮೂಲಕಾನೇ ದೊಡ್ಡ ಕರೆಂಟ್ ಹರಿಸಿ ನೋಡೋದು) ಮಾಡೋರನ್ನ ಮೈಸೂರಿಂದ ಕರೆಸಿದ್ರೂ ಸರಿ.

ಸೆಟ್ಟಿಂಗಿಗೆ ಬರೋಣ. ಮಿಲ್ಲಿನಲ್ಲಿ 250 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ ಅಂತ ಇಟ್ಕೊಳ್ಳಿ, 433 ವೋಲ್ಟಿಗೆ ಅದರ ಫುಲ್ ಲೋಡ್ 333 ಆಂಪ್ಸ್. ಮೈನ್ 400 ಆಂಪ್ಸ್ ಎಲೆಕ್ಟ್ರಾನಿಕ್ ಬ್ರೇಕರ್ ಆದ್ರೆ ಓವರ್‌ಲೋಡ್ ಡಯಲ್ 0.8, ಅಂದ್ರೆ 320. ಒಂದು ಮೆಟ್ಟಿಲು ಕೆಳಗಿರ್ಲಿ, ಮೇಲೆ ಬೇಡ. ಪಕ್ಕದಲ್ಲಿ ಸಮಯದ ಡಯಲ್ ಇರುತ್ತೆ, ಸುಮಾರು ಮಾಡೆಲ್‌ಗಳಲ್ಲಿ ಅದರ ಮೇಲಿನ ಸೆಕೆಂಡು 6 ಪಟ್ಟು ಕರೆಂಟಿಗೆ ಅಂತ ಅರ್ಥ. 10 ಸೆಕೆಂಡಿಗೆ ಇಟ್ರೆ 6 ಪಟ್ಟಿಗೆ 10 ಸೆಕೆಂಡ್, 2 ಪಟ್ಟಿಗೆ 90 ಸೆಕೆಂಡ್. ಇದು ಗೊತ್ತಿಲ್ದೆ, ಇಟ್ಟಿದ್ದು ಹತ್ತೇ ಸೆಕೆಂಡಿಗೆ ಆದ್ರೂ ಒಂದೂವರೆ ನಿಮಿಷ ಆಯ್ತಲ್ಲ, ಯೂನಿಟ್ ಕೆಟ್ಟಿದೆ ಅಂತ ವಾಪಸ್ ಕಳಿಸಿದವರಿದ್ದಾರೆ.

ಶಾರ್ಟ್ ಸರ್ಕ್ಯೂಟ್ ಡಯಲ್ ಬಗ್ಗೆ ಎಲ್ಲರೂ ಮಾಡೋ ತಪ್ಪು, ಗರಿಷ್ಠಕ್ಕೆ ಇಟ್ಟುಬಿಡೋದು. ಆ ಟ್ರಾನ್ಸ್‌ಫಾರ್ಮರ್‌ನ ಇಂಪಿಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) 4.5 ಪರ್ಸೆಂಟ್ ಆದ್ರೆ ಅದರ ಬಾಯಲ್ಲೇ ಶಾರ್ಟ್ ಆದಾಗ 7,400 ಆಂಪ್ಸ್ ಹತ್ರ ಬರುತ್ತೆ, ಆಗ 10 ಪಟ್ಟಿಗೆ ಇಟ್ರೂ ಬೀಳುತ್ತೆ. ಆದ್ರೆ ಕರೆಂಟ್ ಹೋಗಿ ಡಿಜಿ ಮೇಲೆ ಓಡಿಸ್ತಿದ್ದೀರಿ ಅಂದ್ಕೊಳ್ಳಿ. 125 ಕೆವಿಎ ಡಿಜಿ, ಫುಲ್ ಲೋಡ್ 174 ಆಂಪ್ಸ್. ಡಿಜಿ ಶಾರ್ಟಿಗೆ ಎಳೆದು ಎಳೆದು ಕೊಡೋದು ಅದರ ಮೂರು ಪಟ್ಟು, 500 ಚಿಲ್ಲರೆ, ಕೆಲವು ಅಷ್ಟೂ ಕೊಡಲ್ಲ. ನಿಮ್ಮ 100 ಆಂಪ್ಸ್ ಫೀಡರ್ (ಮೈನ್‌ನಿಂದ ಮಷೀನಿಗೆ ಹೋಗೋ ಲೈನ್) ಬ್ರೇಕರ್ ಮ್ಯಾಗ್ನೆಟಿಕ್ ಡಯಲ್ 10 ಪಟ್ಟಿಗೆ, ಅಂದ್ರೆ 1,000 ಆಂಪ್ಸಿಗೆ ಇದ್ರೆ, ಡಿಜಿ ಮೇಲಿದ್ದಾಗ ಶಾರ್ಟ್ ಆದ್ರೆ ಅದಕ್ಕೆ ಶಾರ್ಟ್ ಆಗಿದೆ ಅಂತಾನೇ ಗೊತ್ತಾಗಲ್ಲ, ಪಟ್ಟಿ ಬಿಸಿಯಾಗಿ ಬೀಳೋ ತನಕ ಕಿಡಿ ಉರೀತಾನೇ ಇರುತ್ತೆ. ಕೊಡಗಿನ ಮಿಲ್ಲುಗಳಲ್ಲಿ ನಾನು ನೋಡಿರೋ ದೊಡ್ಡ ಕೊರತೆ ಇದೇ, ಸೆಟ್ಟಿಂಗ್ ಎಲ್ಲಾ ಸೆಸ್ಕ್ ಲೈನಿಗೆ ಲೆಕ್ಕ ಹಾಕಿರ್ತಾರೆ, ಮಳೆಗಾಲ ಓಡೋದು ಡಿಜಿ ಮೇಲೆ. ಮೋಟಾರ್ ಸ್ಟಾರ್ಟ್ ಆಗೋಕೆ ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಮೇಲೆ ಇಟ್ಟು ನಿಲ್ಲಿಸಿ. ಮ್ಯಾಗ್ನೆಟಿಕ್ ಡಯಲ್ 20 ಪರ್ಸೆಂಟ್ ಆಚೀಚೆ ಆಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಹಾಗೆ ಇಟ್ರೂ ಡಿಜಿ ಕೊಡೋ ಕರೆಂಟಿಗೆ ಎಟುಕದಿದ್ರೆ ಎಲೆಕ್ಟ್ರಾನಿಕ್ ಯೂನಿಟ್ ಹಾಕಿ ಶಾರ್ಟ್ ಟೈಮ್ ಡಯಲನ್ನ (ಶಾರ್ಟಿಗೆ ಸ್ವಲ್ಪ ತಡ ಮಾಡಿ ಬೀಳಿಸೋದು) ಕೆಳಗೆ ತನ್ನಿ.

ಒಂದು ಫೀಡರ್ ಶಾರ್ಟಿಗೆ ಇಡೀ ಮಿಲ್ ಕತ್ತಲಾಗುತ್ತೆ ಅಂತ ಸುಮಾರು ಜನ ದೂರ್ತೀರಿ. ಮೈನ್‌ನಲ್ಲಿ ಶಾರ್ಟ್ ಟೈಮ್ ಡಿಲೇ 0.1 ಅಥವಾ 0.2 ಸೆಕೆಂಡ್ ಕೊಟ್ರೆ ಫೀಡರ್ ಮೊದ್ಲು ಬೀಳೋಕೆ ಅವಕಾಶ ಸಿಗುತ್ತೆ. ಆದ್ರೆ ಆ 0.2 ಸೆಕೆಂಡ್ ಮೈನ್ ಪ್ಯಾನೆಲ್ ಒಳಗಿನ ಕಿಡಿಗೂ ಸಿಗೋ ಸಮಯ, ಲೈವ್ ಪ್ಯಾನೆಲ್ ಮುಂದೆ ನಿಲ್ಲೋನಿಗೆ ಅದು ತುಂಬ ಉದ್ದ.

ಅರ್ತ್ ಫಾಲ್ಟ್ (ಕರೆಂಟ್ ನೆಲಕ್ಕೆ ಸೋರೋದು) ಡಯಲನ್ನ ಮಳೆಗಾಲದಲ್ಲಿ ಆಫ್ ಮಾಡೋ ಅಭ್ಯಾಸ ಬಿಡಿ. ಜೂನಿಂದ ಸೆಪ್ಟೆಂಬರ್ ತನಕ ನಿಂತ ಮೋಟಾರ್ ತೇವ ಹಿಡಿದಿರುತ್ತೆ, ಅದಕ್ಕೇ ಬೀಳ್ತಿರೋದು. ಸ್ಟಾರ್ಟ್ ಮಾಡೋ ಮೊದ್ಲು ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿ, ಕನಿಷ್ಠ 1 ಮೆಗಾಓಮ್ ಬರೋ ತನಕ ಒಣಗಿಸಿ.

ಇದಕ್ಕೆಲ್ಲ ಟೈಮ್ ಎಲ್ಲಿ ಅಂತ ಕೇಳ್ಬಹುದು. ಆಯುಧ ಪೂಜೆ ಹಿಂದಿನ ದಿನ ಹೇಗೂ ಮಷೀನೆಲ್ಲ ನಿಲ್ಲಿಸಿ ತೊಳೀತೀರಿ, ಸೀಸನ್‌ಗೂ ಮೊದ್ಲು ಅದೇ ಒಳ್ಳೇ ಸಮಯ. ಅವತ್ತು ಬೀಗ ಹಾಕಿ ಪ್ಯಾನೆಲ್ ತೆಗೆದು, ಕಣಜದ ಮಣ್ಣುಗೂಡು, ಹಲ್ಲಿ, ಹೊಟ್ಟು ತೆಗೆದು, ಪ್ರತಿ ಬ್ರೇಕರ್ ನಾಲ್ಕು ಸಲ ಆನ್ ಆಫ್ ಮಾಡಿ, ಡಯಲ್ ಎಲ್ಲೆಲ್ಲಿದೆ ಅಂತ ಮೊಬೈಲಲ್ಲಿ ಫೋಟೋ ತೆಗೆದು, ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿ. ಯಾವ ಬ್ರೇಕರ್, ಯಾವ ಕೇಬಲ್, ಎಷ್ಟಕ್ಕೆ ಇಟ್ಟಿದೆ, ಯಾವಾಗ, ಯಾರ ಸಹಿ. ನನ್ನ ಗುರುಗಳು ಪೆನ್ಸಿಲ್ಲಲ್ಲಿ ಬರೆದು ಅಂಟಿಸಿದ್ದ ಅಂಥ ಒಂದು ಹಾಳೆ ಇನ್ನೂ ಒಂದು ಪ್ಯಾನೆಲ್‌ನಲ್ಲಿದೆ, ಅದರಲ್ಲಿ ಹಲ್ಲರ್ ಮುಂದೆ 70 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಪೂಜೆ ದಿನ ಹೂವು ಹಾಕಿ, ಕುಂಕುಮ ಹಚ್ಚಿ, ಆದ್ರೆ ಬಾಗಿಲ ಹೊರಗೆ, ತೀರ್ಥ ಪ್ಯಾನೆಲ್ ಮೇಲೆ ಚಿಮುಕಿಸ್ಬೇಡಿ.

ಕೊನೇಲಿ ಪ್ರಶ್ನೆಗಳು ಸುಮಾರು ಬಂದ್ವು, ಒಂದನ್ನ ಮಾತ್ರ ಇಲ್ಲಿ ಬರೀತೀನಿ. ಕುಶಾಲನಗರದವರೇ ಒಬ್ರು ಎದ್ದು ಕೇಳಿದ್ರು, ಅಣ್ಣ, 2018ರಲ್ಲೂ 2019ರಲ್ಲೂ ಕಾವೇರಿ ನೀರು ನುಗ್ಗಿ ನಮ್ಮ ಪ್ಯಾನೆಲ್ ಮುಳುಗಿತ್ತು, ಬ್ರೇಕರ್‌ಗಳನ್ನ ಬಿಚ್ಚಿ ಬಿಸಿಲಲ್ಲಿ ಒಣಗಿಸಿ ಹಾಕಿದ್ವಿ, ಇವತ್ತಿಗೂ ಓಡ್ತಿದೆ, ತೊಂದ್ರೆ ಇಲ್ಲ ಅಲ್ವಾ ಅಂತ. ನಾನು ಬ್ಯಾಗಲ್ಲಿ ತಂದಿದ್ದ ಒಂದು ಎಂಸಿಸಿಬಿನ ಅವ್ರ ಕೈಗೆ ಕೊಟ್ಟೆ. ಅದೂ ನೆರೆಯಲ್ಲಿ ಮುಳುಗಿದ್ದೇ, ಒಣಗಿಸಿದ ಮೇಲೆ ಎರಡು ವರ್ಷ ಓಡಿತ್ತು, ಆನ್ ಆಫ್ ಚೆನ್ನಾಗೇ ಆಗ್ತಿತ್ತು. ಕವರ್ ಬಿಚ್ಚಿ ತೋರಿಸ್ದೆ. ಬೈಮೆಟಲ್ ಪಟ್ಟಿಗೂ ಟ್ರಿಪ್ ಬಾರಿಗೂ ಮಧ್ಯೆ ಇರೋ ಕೂದಲೆಳೆ ಸಂದಿನಲ್ಲಿ ಕಾವೇರಿ ಮಣ್ಣು ಸಿಮೆಂಟ್ ಥರ ಗಟ್ಟಿಯಾಗಿ ಕೂತಿತ್ತು, ಮೂರು ಫೇಸಲ್ಲೂ. ಅವರು ಬೆರಳಲ್ಲಿ ಬಾರ್ ತಳ್ಳಿ ನೋಡಿದ್ರು, ಅಲುಗಲಿಲ್ಲ. ಮುಳುಗಿದ ಮೌಲ್ಡೆಡ್ ಕೇಸ್ ಬ್ರೇಕರೂ ಎಲೆಕ್ಟ್ರಾನಿಕ್ ಟ್ರಿಪ್ ಯೂನಿಟ್ಟೂ ಒಣಗಿಸಿ ಹಾಕೋ ವಸ್ತುಗಳಲ್ಲ, ಬದಲಾಯಿಸ್ಲೇಬೇಕು ಅಂತ ಹೇಳ್ದೆ. ನಿಮ್ಮಲ್ಲಿ ಎಷ್ಟಿವೆ ಅಂತ ಕೇಳಿದ್ದಕ್ಕೆ ಹನ್ನೊಂದು ಅಂದ್ರು. ನಾಳೆ ಬೆಳಿಗ್ಗೆ ಬರ್ತೀನಿ ಅಂತ ವಿಳಾಸ ಬರೆಸ್ಕೊಂಡೆ.